ಮೊದಲ ಸಾಲಿನ ನಮ್ಮತ್ತೆ

ನಮ್ಮ ಸೋದರತ್ತೆ ಗೋವಿನಜೋಳದ ಬೀಜ ಮಾರುವುದಿಲ್ಲ. ಯಾರಿಗೂ ವಿಮೆ ಮಾಡಿಸುವುದಿಲ್ಲ. ಅಂಚೆ ಇಲಾಖೆಯಿಂದ ನಿವೃತ್ತಳಾದವಳಲ್ಲ, ಚೆಸ್ ಆಡುವವಳಲ್ಲ, ಮೊಲೆಯೂಡಿಸುವ ವಯಸ್ಸಿನವಳಂತೂ ಅಲ್ಲವೇ ಅಲ್ಲ. ಆದರೂ ಬೀಜದ ಡೀಲರುಗಳ ಸಮಾವೇಶ, ವಿಮಾ ಏಜೆಂಟರ ತರಬೇತಿ, ನಿವೃತ್ತ ಅಂಚೆ ನೌಕರರ ಸ್ನೇಹಕೂಟ, ತಾಲೂಕು ಮಟ್ಟದ ಚೆಸ್ ಪಂದ್ಯಾವಳಿ, ಸ್ತನ್ಯಪಾನ ಸಪ್ತಾಹ ಇಷ್ಟರಲ್ಲೂ ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ ಕೂತು, ವಂದನಾರ್ಪಣೆ ಮುಗಿಯುವವರೆಗೆ ಅಲುಗದೆ ಕೇಳಿ, ಚಪ್ಪಾಳೆ ತಟ್ಟಿ ಎದ್ದು ಬಂದ ಮನುಷ್ಯಪ್ರಾಣಿ ಈ ಭೂಮಂಡಲದಲ್ಲಿ ಯಾರಾದರೂ ಇದ್ದರೆ ಅದು ನಮ್ಮತ್ತೆ ಒಬ್ಬಳೇ!

ಅವಳದು ಒಂದೇ ಷರತ್ತು. ಸಭೆ ನಮ್ಮ ಸವಣೂರಿನ ಹಳೆಯ ಟೌನ್‌ಹಾಲ್‌ನಲ್ಲಿ ನಡೆಯಬೇಕು. ಬೇರೆ ಕಡೆ ದೇವೇಂದ್ರನೇ ಬಂದು ಭಾಷಣ ಮಾಡಿದರೂ ಅತ್ತೆ ಹೊರಳಿ ನೋಡುವುದಿಲ್ಲ. ಹಾನಗಲ್ಲಿನಲ್ಲಿ ನನ್ನ ಅಣ್ಣನ ನಿಶ್ಚಿತಾರ್ಥ ಇದ್ದ ದಿನ ಟೌನ್‌ಹಾಲ್‌ನಲ್ಲಿ ಹಲ್ಲಿನ ತಪಾಸಣಾ ಶಿಬಿರವಿತ್ತು. ಅತ್ತೆ ಶಿಬಿರ ಮುಗಿಸಿ, ನಿಶ್ಚಿತಾರ್ಥಕ್ಕೆ ಸಂಜೆ ಬಂದಳು. ಬಂದವಳು ನಮ್ಮ ಭಾವಿ ಬೀಗರ ಮುಂದೆ ಕೂತು, ಬೀಗಿತ್ತಿಯ ಬಾಯಿ ತೆರೆಸಿ, "ದವಡಿ ಹಲ್ಲು ಹುಳುಕ ಐತ್ರಿ, ಲಗೂನ ತಗಸ್ರಿ" ಎಂದು ಹೇಳಿದ ಮೇಲೆ ಆ ಸಂಬಂಧ ಉಳಿದದ್ದು ನಮ್ಮ ಪುಣ್ಯ.

ಊಟದ ಆಸೆಗೆ ಹೋಗುತ್ತಾಳೆ ಎಂದು ನೀವು ಅಂದುಕೊಂಡಿರಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಯಾಕೆಂದರೆ ನಾನು ಹೋಗುವುದು ಊಟಕ್ಕೇ! ಆದರೆ ಅತ್ತೆಯ ಕ್ರಮ ನೋಡಿ. ಹಿಂದಿನಿಂದ ಪಲಾವಿನ ವಾಸನೆ ಬರತೊಡಗಿದರೆ ಇಡೀ ಸಭೆಯ ಕುತ್ತಿಗೆ ಹಿಂದಕ್ಕೆ ತಿರುಗುತ್ತದೆ, ಅತ್ತೆಯದು ಮಾತ್ರ ವೇದಿಕೆಯ ಕಡೆಗೇ. ವಂದನಾರ್ಪಣೆ ಮುಗಿದ ಕೂಡಲೇ ಎದ್ದು, ಸೆರಗು ಜಾಡಿಸಿ, ಚೀಲದಿಂದ ನಮ್ಮೂರ ಹೆಸರಾಂತ ಕುರುಕಲು ಖಾರಾ ಒಂದು ಹಿಡಿ ಬಾಯಿಗೆ ಹಾಕಿಕೊಂಡು ಮನೆಗೆ ಹೊರಟುಬಿಡುತ್ತಾಳೆ. ಕರೆದರೂ ಪಂಕ್ತಿಯಲ್ಲಿ ಕೂರುವುದಿಲ್ಲ.

ಸೆರಗು ಎಂದೆನಲ್ಲ, ಅದರದೂ ಒಂದು ಪುರಾಣ. ನಮ್ಮ ಕಡೆ ಅವಳ ವಾರಿಗೆಯ ಹೆಂಗಸರು ನಾಲ್ಕು ಜನರ ಮುಂದೆ ಬರುವಾಗ ತಲೆಯ ಮೇಲೆ ಸೆರಗು ಹೊದ್ದುಕೊಳ್ಳುವುದು ವಾಡಿಕೆ. ಅತ್ತೆಯ ಸೆರಗು ಸದಾ ಸೊಂಟದಲ್ಲಿ, ಕುಸ್ತಿಗೆ ಹೊರಟವರ ಹಾಗೆ. ನನ್ನ ಅಜ್ಜಿ ಬದುಕಿರುವ ತನಕ ಮಗಳಿಗೆ ಇದೊಂದೇ ಮಂತ್ರ ಹೇಳಿದಳು.

"ತಲಿ ಮ್ಯಾಲೆ ಸೆರಗ ಹೊತ್ಕೊಳ್ಳಬೇ ತಾಯಿ, ಮಂದಿ ನೋಡ್ತಾರ."

"ಯಾರ ಮುಂದ ಹೊತ್ಕೋಬೇಕಿತ್ತೋ ಅವರ ಮುಂದ ಹೊತ್ಕೊಂಡ ಮುಗಿಸೇನಿ ಯವ್ವಾ. ಈಗ ಉಳಿದವರೆಲ್ಲಾ ಬರೇ ಮಂದಿ."

ಅತ್ತೆಯ ಗಂಡ, ಅಂದರೆ ನನ್ನ ಮಾವ, ಶಾಲಾ ಮಾಸ್ತರರು. ನಾನು ಹುಟ್ಟುವ ಮೊದಲೇ ತೀರಿಹೋದವರು. ನನಗೆ ಅವರು ಗೋಡೆಯ ಮೇಲಿನ ಒಂದು ಫೋಟೋ, ಅಷ್ಟೇ. ಅದರಲ್ಲೂ ಅವರು ಏನೋ ಹೇಳಲು ಹೊರಟು ಫೋಟೋದವನು ತಡೆದಂತೆ ಬಾಯಿ ಅರ್ಧ ತೆರೆದಿದ್ದಾರೆ.

ಇನ್ನು ಆ ಟೌನ್‌ಹಾಲ್. ಹೊರಗಿನಿಂದ ನೋಡಿದರೆ ನಿಮಗೇನೂ ಅನ್ನಿಸಲಿಕ್ಕಿಲ್ಲ. ಮುಂದೆ ವೀಳ್ಯದೆಲೆ ಮಾರುವವರ ಬುಟ್ಟಿ, ಪಕ್ಕದಲ್ಲಿ ಪಂಕ್ಚರ್ ಅಂಗಡಿ, ಗೋಡೆಯ ಮೇಲೆ ಯಾವಾಗಲೋ ಗೆದ್ದ, ಯಾವಾಗಲೋ ಸೋತ ಅಭ್ಯರ್ಥಿಗಳು ನಗುವ ಪೋಸ್ಟರು. ಆದರೆ ಬಾಗಿಲು ದಾಟಿ ಒಳಗೆ ಕಾಲಿಟ್ಟರೆ, ನಾನು ತಮಾಷೆ ಮಾಡುತ್ತಿಲ್ಲ, ಮಾತು ತಾನಾಗಿ ಮೆಲ್ಲಗಾಗುತ್ತದೆ. ಗಚ್ಚುಗಾರೆಯ ನೆಲ ಬೇಸಿಗೆಯಲ್ಲೂ ಅಂಗಾಲಿಗೆ ತಣ್ಣಗೆ ಹತ್ತುತ್ತದೆ. ತೋಳು ಚಾಚಿದರೂ ತಬ್ಬಲಾಗದ ಕಂಬಗಳು. ಎಷ್ಟೋ ಎತ್ತರದಲ್ಲಿ ಸಾಗವಾನಿ ತೊಲೆಗಳು, ಅವುಗಳ ಕೆಳಗೆ ಸುತ್ತಲೂ ಗವಾಕ್ಷಿಗಳು. ಅಲ್ಲಿಂದ ಇಳಿಯುವ ಬಿಸಿಲ ಕೋಲಿನಲ್ಲಿ ಧೂಳು ಕೂಡ ಗಡಿಬಿಡಿಯಿಲ್ಲದೆ ಓಡಾಡುತ್ತದೆ. ಊರ ಹೊರಗಿನ ಆ ರಾಕ್ಷಸಗಾತ್ರದ ದೊಡ್ಡ ಹುಣಸೆ ಮರಗಳ ಬುಡದಲ್ಲಿ ನಿಂತಾಗ ಆಗುತ್ತದಲ್ಲ, ನಾನೊಂದು ಇರುವೆ ಎನ್ನುವ ಭಾವ, ಅದೇ ಇಲ್ಲೂ ಆಗುತ್ತದೆ.

ಎಲ್ಲಕ್ಕಿಂತ ದೊಡ್ಡ ಸೋಜಿಗ ಅಲ್ಲಿಯ ಸದ್ದು. ಒಂದು ಚಪ್ಪಾಳೆ ತಟ್ಟಿ ನೋಡಿ. ಅದು ತೊಲೆಗಳಿಗೆ ಹತ್ತಿ, ಕಂಬಗಳನ್ನು ಸುತ್ತಿ, ಹಿಂದಿನ ಗೋಡೆಗೆ ತಾಗಿ, ಮಳೆ ಸುರಿದಂತೆ ನಿಮ್ಮ ಮೇಲೇ ಬೀಳುತ್ತದೆ. ಒಬ್ಬರು ತಟ್ಟಿದರೆ ನೂರು ಜನ ತಟ್ಟಿದ ಹಾಗೆ. ಅತ್ತೆ ತಟ್ಟುವ ಚಪ್ಪಾಳೆಗೂ ಒಂದು ವರಸೆಯಿದೆ. ಅಂಗೈ ಬೊಗಸೆ ಮಾಡಿ, ಬೆರಳು ಬಿಗಿ ಹಿಡಿದು ತಟ್ಟುತ್ತಾಳೆ. ಹೊಸ ಭಾಷಣಕಾರರು ಗಾಬರಿಯಾಗಿ ಹಿಂದೆ ಯಾವ ಜನಸಾಗರ ಬಂತು ಎಂದು ಕತ್ತು ಉದ್ದ ಮಾಡಿ ನೋಡುತ್ತಾರೆ. ಹಿಂದೆ ಯಾರೂ ಇರುವುದಿಲ್ಲ!

ಹಿರೇಕೆರೂರಿನ ಕಡೆಯ ಡೀಲರುಗಳು ಬೀಜದ ಸಮಾವೇಶ ಮಾಡಿದಾಗಿನ ಸಂಗತಿ ಹೇಳುತ್ತೇನೆ. ಟೈ ಕಟ್ಟಿಕೊಂಡ ಒಬ್ಬ ಹುಡುಗ ಹೊಸ ತಳಿಯ ಬಗ್ಗೆ ಮಾತಾಡಲು ಎದ್ದ. ಅವನ ಜೀವಮಾನದ ಮೊದಲ ಭಾಷಣ. ಕೈಯಲ್ಲಿದ್ದ ಹಾಳೆಯಿಂದ ಒಂದೊಂದೇ ಸಾಲು ಓದತೊಡಗಿದ. ಡೀಲರುಗಳು ಮೊಬೈಲಿನಲ್ಲಿ ಮುಳುಗಿದ್ದರು. ಹುಡುಗ ಹಾಲ್ ಪೂರ್ತಿ ಹುಡುಕಿ ಕೊನೆಗೆ ಒಂದೇ ಒಂದು ಮುಖ ಕಂಡುಕೊಂಡ: ಅತ್ತೆಯದು. ಅಲ್ಲಿಂದ ಮುಂದೆ ಗೊಬ್ಬರದ ಪ್ರಮಾಣ, ಲದ್ದಿ ಹುಳುವಿನ ಹತೋಟಿ, ಡೀಲರುಗಳ ಕಮಿಷನ್ನು ಎಲ್ಲವನ್ನೂ ಅವಳೊಬ್ಬಳಿಗೇ ಹೇಳಿದ. ಅತ್ತೆ ಒಂದೊಂದಕ್ಕೂ ತಲೆಯಾಡಿಸಿದಳು. ಲದ್ದಿ ಹುಳುವಿಗೆ "ಅಯ್ಯ ಶಿವನ!" ಅಂದಳು. ಕಮಿಷನ್ನಿಗೆ "ಆತು ಬಿಡು, ಸಾಕಾಗ್ತೈತಿ" ಅಂದಳು. ಮಾತು ಮುಗಿಸುವಾಗ ಹುಡುಗ ಹಾಳೆ ನೋಡುವುದನ್ನೇ ಬಿಟ್ಟಿದ್ದ! ಹೋಗುವಾಗ ಅವಳ ಕಾಲಿಗೆ ನಮಸ್ಕಾರ ಮಾಡಿ, "ಅಮ್ಮಾ, ನೀವು ಯಾವ ಊರಿನ ಡೀಲರ್?" ಎಂದು ಕೇಳಿದ.

"ಇದ ಊರು. ಆದ್ರ ನನ್ನ ಅಂಗಡಿಯೊಳಗ ಮಾರೂ ಮಾಲು ಏನೂ ಇಲ್ಲಪ," ಅಂದಳು ಅತ್ತೆ.

ಮನೆಗೆ ಬಂದ ಮೇಲೆ ನಾನು ಕಾಡಿದೆ. "ಅತ್ತಿ, ಖರೇ ಹೇಳು. ಗೋವಿನಜೋಳದ ಬಗ್ಗೆ ನಿನಗ ಏನ್ ತಿಳೀತು?"

"ಆ ಹುಡುಗ ಎದ್ದ ನಿಂತಾಗ ಬೆವತಿದ್ದ. ಕುಂದ್ರುವಾಗ ಬೆವರು ಆರಿತ್ತು. ಅಷ್ಟ ತಿಳೀತು."

ನನ್ನ ಬಾಯಿ ಮುಚ್ಚಿಸುವುದು ಸುಲಭವಲ್ಲ. ಅವತ್ತು ಅವಳ ಚೀಲದ ಖಾರಾ ತೆಗೆದು ನಾನೇ ಬಾಯಿಗೆ ತುಂಬಿಕೊಂಡೆ.

ನನ್ನ ಬಾಯಿಯ ಬಗ್ಗೆಯೂ ಎರಡು ಮಾತು ಹೇಳಬೇಕು. ನಾನು ಮಿಮಿಕ್ರಿ ಮಾಡುತ್ತೇನೆ. ಕಾಲೇಜಿನ ಗ್ಯಾದರಿಂಗು, ಮದುವೆ ಮನೆ, ಬಸ್ ಸ್ಟ್ಯಾಂಡು, ಎಲ್ಲಿ ನಾಲ್ಕು ಜನ ಇರುತ್ತಾರೋ ಅಲ್ಲಿ ಐದನೆಯವನ ದನಿ ತೆಗೆಯುತ್ತೇನೆ. ಬಂಕಾಪುರದ ನವಿಲನ್ನು ಎಷ್ಟು ಚೆನ್ನಾಗಿ ಕೂಗುತ್ತೇನೆಂದರೆ ಒಮ್ಮೆ ಒಂದು ಹೆಣ್ಣು ನವಿಲು ಪೊದೆಯಿಂದ ಹೊರಬಂದು, ನನ್ನ ಮುಖ ನೋಡಿ, ನಿರಾಶೆಯಾಗಿ ಹಿಂತಿರುಗಿತು. ಇವತ್ತಿಗೂ ನನ್ನನ್ನು ಅಷ್ಟು ಸ್ಪಷ್ಟವಾಗಿ ಯಾವ ಹೆಣ್ಣೂ ತಿರಸ್ಕರಿಸಿಲ್ಲ. ಉಳಿದವರು ಪೊದೆಯಿಂದಲೇ ಹೊರಬರಲಿಲ್ಲ!

ಅತ್ತೆಗೆ ನನ್ನ ವಿದ್ಯೆಯ ಮೇಲೆ ಅಪಾರ ಅಭಿಮಾನ, ಆದರೆ ಒಂದು ತಕರಾರು. ನಾನು ಯಾರ ದನಿ ತೆಗೆದರೂ ಮೆಚ್ಚಿ ನಗುವವಳು, ಕೊನೆಗೆ ಕಣ್ಣು ಸಣ್ಣ ಮಾಡಿ ಕೇಳುತ್ತಿದ್ದಳು.

"ಎಲ್ಲಾರದೂ ಆತು. ನಮ್ಮ ಮಾಸ್ತರದು ತಗೀ ನೋಡೂಣು."

"ಅತ್ತಿ, ನಾ ಅವರ ದನೀನ ಕೇಳಿಲ್ಲ. ಹೆಂಗ ತಗೀಲಿ?"

"ನಾ ಹೇಳ್ತೇನಿ ಕೇಳು. ಮಾತು ಶುರು ಮಾಡೂಕಿಂತ ಮೊದಲ ಸಣ್ಣಗ ಒಮ್ಮಿ ಗಂಟಲ ಸರಿ ಮಾಡ್ಕೊಂತಿದ್ರು. ಕೆಮ್ಮಲ್ಲ ಅದು. ಕದಾ ಬಡದು, 'ಒಳಗ ಬರ್ಲೇನು?' ಅಂತ ಕೇಳಿದಂಗ ಇರ್ತಿತ್ತು."

ಇಷ್ಟೇ ನನಗೆ ಸಿಕ್ಕ ಪಠ್ಯ. ನಾನು ಮಾಡಿದೆ. "ಅಲ್ಲ," ಅಂದಳು. "ಇದು ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಕೆಮ್ಮು." ಮತ್ತೊಂದು ಹಬ್ಬಕ್ಕೆ ಮತ್ತೆ ಮಾಡಿದೆ. "ಅಲ್ಲಲೇ, ಇದು ಆಡು ಸೀನಿದಂಗ ಆತು." ಇನ್ನೊಮ್ಮೆ ಕಷಾಯ ಕುಡಿದು, ಗಂಟಲು ಹದ ಮಾಡಿಕೊಂಡು, ಗೋಡೆಯ ಮೇಲಿನ ಫೋಟೋ ನೋಡಿ ನೋಡಿ ಮಾಡಿದೆ. ಅತ್ತೆ ಬಹಳ ಹೊತ್ತು ಯೋಚಿಸಿ, "ಇದು ಸಾಲ ಕೇಳಾಕ ಬಂದವರದು" ಎಂದು ತೀರ್ಪು ಕೊಟ್ಟಳು. ಹಾವೇರಿ ಜಿಲ್ಲೆಯಲ್ಲಿ ನಾನು ತೆಗೆಯದ ದನಿಯಿಲ್ಲ ಎಂದು ಮೀಸೆ ತಿರುವುತ್ತಿದ್ದವನು (ಮೀಸೆ ಇನ್ನೂ ಪೂರ್ತಿ ಬಂದಿಲ್ಲ, ಆ ಮಾತು ಬೇರೆ) ಒಬ್ಬ ಸತ್ತ ಮಾಸ್ತರರ ಗಂಟಲಿನ ಮುಂದೆ ಸೋತು ಕೂತೆ.

ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದಲ್ಲಿ ಓದುವ ಇಬ್ಬರು ಹುಡುಗಿಯರು ಒಮ್ಮೆ ಟೌನ್‌ಹಾಲ್‌ನ ಇತಿಹಾಸ ಬೇಕೆಂದು ನಮ್ಮ ಮನೆ ಹುಡುಕಿಕೊಂಡು ಬಂದರು. ಮೊಬೈಲು ಚಾಲೂ ಮಾಡಿ, "ಹೇಳ್ರಿ ಅಮ್ಮಾ" ಎಂದರು. ಅತ್ತೆ ಮನೆಯಲ್ಲಿ ಹೇಳಲು ಒಪ್ಪಲಿಲ್ಲ. "ಅದರ ಕತಿ ಅದರ ಮುಂದ ಹೇಳಬೇಕು," ಎಂದು ಅವರನ್ನೂ ನನ್ನನ್ನೂ ಬಿಸಿಲಲ್ಲಿ ನಡೆಸಿಕೊಂಡು ಹೋಗಿ, ಮೊದಲ ಸಾಲಿನಲ್ಲಿ ಕೂರಿಸಿ, ತಾನು ಪಕ್ಕದ ಕುರ್ಚಿಯಲ್ಲಿ ಕೂತು ಶುರು ಮಾಡಿದಳು. ನಮ್ಮತ್ತೆಯ ಬಾಯಲ್ಲಿ ಎಂದೂ ಕೇಳದ ಪುಸ್ತಕದ ಭಾಷೆ!

"ಸಭಿಕರೇ, ಯಾರಿಗಾಗಿ ಈ ಸಭಾಗೃಹವನ್ನು ಕಟ್ಟಲಾಯಿತೋ ಅವರು ಬರಲೇ ಇಲ್ಲ."

ನಾನು ಬೆಚ್ಚಿದೆ. ಅವಳು ಹೇಳುತ್ತಾ ಹೋದಳು. ಆಗಿನ ಕಾಲಕ್ಕೆ ದೊಡ್ಡ ಸಾಹೇಬನೊಬ್ಬ ಊರಿಗೆ ಬರುತ್ತಾನೆಂದು ಸುದ್ದಿಯಾಯಿತಂತೆ. ಎಲೆ ವ್ಯಾಪಾರಿಗಳು, ಹತ್ತಿ ದಲಾಲರು, ಗೌಡರು, ಶೆಟ್ಟರು, ಸಾಹುಕಾರರು ಎಲ್ಲ ಸೇರಿ ಅವನ ಸ್ವಾಗತಕ್ಕೆಂದು ಈ ಕಟ್ಟಡ ಎತ್ತಿದರು. ಕಲ್ಲು ಒಂದು ಕಡೆಯಿಂದ, ಸಾಗವಾನಿ ಇನ್ನೊಂದು ಕಡೆಯಿಂದ, ಗಾರೆಗೆ ಬೆಲ್ಲ ಮನೆಮನೆಯಿಂದ. ಕಟ್ಟಿ ಮುಗಿಯಿತು, ಹಾರ ಬಾಡಿತು, ಸಾಹೇಬ ಮಾತ್ರ ಬೇರೆ ದಾರಿ ಹಿಡಿದು ಹೋದ. ಕಟ್ಟಿದವರು ಕಟ್ಟೆಯ ಮೇಲೆ ಕೂತು, ಇನ್ನು ಇದನ್ನೇನು ಮಾಡುವುದು ಎಂದು ಯೋಚಿಸುವಾಗ ಮಳೆ ಬಂತು. ಸಂತೆಗೆ ಬಂದ ಜನ, ಎತ್ತಿನ ಗಾಡಿ ಬಿಟ್ಟು, ಬುಟ್ಟಿ ಹೊತ್ತು ಒಳಗೆ ನುಗ್ಗಿದರು. "ಅಂದಿನಿಂದ, ಸಭಿಕರೇ, ಈ ಸಭಾಗೃಹವು ಬಂದವರನ್ನೆಲ್ಲ ಆ ಸಾಹೇಬನೆಂದೇ ತಿಳಿದು ಸ್ವಾಗತಿಸುತ್ತಿದೆ." ಇಲ್ಲಿ ಚರಕ ತಿರುಗಿತು. ಇಲ್ಲಿ ಊರಿನ ಮೊದಲ ರೇಡಿಯೋ ಮಾತಾಡಿದಾಗ ಜನ ಅದರ ಹಿಂದೆ ಹೋಗಿ ಯಾರು ಕೂತಿದ್ದಾರೆಂದು ನೋಡಿದರು. ಬರಗಾಲದಲ್ಲಿ ಗಂಜಿ ಕಾಯಿಸಿದರು. ಸಿಡುಬಿನ ಚುಚ್ಚುಮದ್ದಿಗೆ ಹೆದರಿ ಗಂಡಸರು ಕಂಬ ತಬ್ಬಿಕೊಂಡು ಅತ್ತರು.

ಹುಡುಗಿಯರು ಬರೆದುಕೊಳ್ಳುವುದನ್ನು ಮರೆತು ಬಾಯಿ ತೆರೆದು ಕೇಳುತ್ತಿದ್ದರು. ಅತ್ತೆ ಮುಗಿಸಿ ಚಪ್ಪಾಳೆಗೆ ಕಾದಳು. ಹುಡುಗಿಯರು ತಟ್ಟಿದರು. ಆಗ ನೋಡಿಕೊಂಡರೆ ಮೊಬೈಲಿನ ಬ್ಯಾಟರಿ "ಸಭಿಕರೇ" ಆದ ಕೂಡಲೇ ಸತ್ತಿತ್ತು!

"ಯಾರ ಭಾಷಣ ಅದು ಯವ್ವಾ?" ಎಂದು ನಾನು ಅವ್ವನನ್ನು ಕೇಳಿದೆ. ಅತ್ತೆಯನ್ನು ಕೇಳುವ ಧೈರ್ಯ ಯಾಕೋ ಬರಲಿಲ್ಲ. ಅವ್ವ ರೊಟ್ಟಿ ಬಡಿಯುತ್ತ ಹೇಳಿದಳು.

"ನಿಮ್ಮ ಮಾವಂದು. ಹೊಸದಾಗಿ ಮದಿವ್ಯಾಗಿದ್ರು. ಹಳೇ ಮಂದೀನ ಕೇಳಿ ಕೇಳಿ, ಟೌನ್‌ಹಾಲ್ ಕತಿ ಎಲ್ಲಾ ಕೂಡಿಸಿ, ಒಂದು ಭಾಷಣ ಇಟ್ಕೊಂಡಿದ್ರು. ಮನಿಮನಿಗೆ ತಾವ ಹೋಗಿ ಕರದ್ರು. ಆವತ್ತ ನೋಡು, ಬಂಕಾಪುರದ ಹತ್ರ ಯಾವನೋ ಸಿನಿಮಾ ನಟನ ಕಾರು ಕೆಟ್ಟು ನಿಂತೇತಿ ಅಂತ ಸುದ್ದಿ ಬಂತು. ಇಡೀ ಊರು ಟ್ರ್ಯಾಕ್ಟರ್ ಹತ್ತಿ ಹೋತು."

"ಮತ್ತ ಭಾಷಣ?"

"ಮಾಡಿದ್ರು. ಒಂದ ಒಂದು ಮಾತು ಬಿಡಲಾರದ ಮಾಡಿದ್ರಂತ. ಮೊದಲ ಸಾಲಿನ್ಯಾಗ ನಿಮ್ಮ ಅತ್ತಿ ಒಬ್ಬಾಕಿ, ತಲಿ ತುಂಬ ಸೆರಗ ಹೊತ್ಕೊಂಡು ಕುಂತಿದ್ಲು. ಆಕೀಗೇ 'ಸಭಿಕರೇ' ಅಂದ್ರಂತ. ಮುಗಿದ ಮ್ಯಾಲೆ ಆಕಿ ಒಬ್ಬಾಕೀನ ಚಪ್ಪಾಳಿ ಹೊಡದ್ರ, ಹಾಲ್ ತುಂಬಿದಂಗ ಸಪ್ಪಳಾತಂತ. ಮಾವಾರು ಆಮ್ಯಾಲೆ ಮತ್ತ ಭಾಷಣ ಅಂತ ಎಲ್ಲೂ ಮಾಡ್ಲಿಲ್ಲ. ಖಾಲಿ ಕುರ್ಚಿ ಕಣ್ಣ ಮುಂದ ಬರ್ತಾವ ಅಂತಿದ್ರು."

ಅವ್ವ ರೊಟ್ಟಿ ಮಗುಚಿ ಹಾಕಿದಳು. "ಅದಕ್ಕ ಅಲ್ಲಿ ಯಾರರ ಮಾತಾಡಾಕ ನಿಂತ್ರ ಈಕಿ ಹೋಗಿ ಕುಂದರ್ತಾಳ. ಯಾರ ಕಣ್ಣಿಗೂ ಖಾಲಿ ಕುರ್ಚಿ ಬೀಳಬಾರದಂತ."

ನಾನು ಆ ದಿನ ರೊಟ್ಟಿಯ ಜೊತೆ ಪಲ್ಯ ಹಾಕಿಕೊಳ್ಳುವುದನ್ನು ಮರೆತೆ. ನನ್ನ ತಿಂಡಿಪೋತತನ ಬಲ್ಲವರಿಗೆ ಇದರ ಗಾಂಭೀರ್ಯ ತಿಳಿದೀತು.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಇತ್ತೀಚೆಗೆ ಶಿಗ್ಗಾಂವಿ ರಸ್ತೆಯಲ್ಲಿ ಹೊಸದೊಂದು ಕಲ್ಯಾಣ ಮಂಟಪ ಎದ್ದಿತು. ಎಸಿ, ಗಾಜಿನ ಗೋಡೆ, ಬಣ್ಣಬಣ್ಣದ ದೀಪ. ಮದುವೆಗಳು ಅತ್ತ ಹೋದವು, ಸಮಾವೇಶಗಳು ಅತ್ತ ಹೋದವು. ಟೌನ್‌ಹಾಲ್‌ನ ಬೀಗ ವಾರಗಟ್ಟಲೆ ತೆರೆಯದಾಯಿತು. ಅತ್ತೆ ದಿನಾ ಸಂಜೆ ಹೋಗಿ ಮೆಟ್ಟಿಲ ಮೇಲೆ ಕೂತು, ಸಭೆಯಿಲ್ಲದ ಸಭಿಕಳಾಗಿ, ಖಾರಾ ತಿಂದು ಬರುತ್ತಿದ್ದಳು. ಅಷ್ಟರಲ್ಲಿ ಸುದ್ದಿ ಬಂತು: ಕಟ್ಟಡ ಕೆಡವಿ ಅಂಗಡಿ ಮಳಿಗೆ ಕಟ್ಟುವ ಆಲೋಚನೆಯಿದೆ, ಇಂಜಿನಿಯರ್ ಸಾಹೇಬರು ಭಾನುವಾರ ಟೌನ್‌ಹಾಲ್‌ನಲ್ಲೇ ಸಭೆ ಕರೆದು, ಅದು ಜನರಿಗೆ ಬೇಕೋ ಬೇಡವೋ ಕೇಳಿ, ವರದಿ ಕಳಿಸುತ್ತಾರೆ. ಬೇಕು ಎಂದು ಹೇಳಲು ಊರ ಪರವಾಗಿ ಯಾರು ಮಾತಾಡಬೇಕು? ಎಲ್ಲರೂ ಒಂದೇ ಬಾಯಲ್ಲಿ ಹೇಳಿದರು: "ಮತ್ತ ಯಾರು? ಮಾಸ್ತರ ಹೆಂಡ್ರು!"

ಅತ್ತೆ ಹೆದರಿದಳು ಎಂದರೆ ನೀವು ನಂಬುತ್ತೀರಾ? ಶಾಸಕರನ್ನು, ಸ್ವಾಮಿಗಳನ್ನು, ಹಲ್ಲಿನ ಡಾಕ್ಟರರನ್ನು ಕಣ್ಣು ಮಿಟುಕಿಸದೆ ಕೇಳಿದವಳು, ತಾನು ವೇದಿಕೆ ಹತ್ತಬೇಕು ಎಂದಾಗ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

"ಅಲ್ಲೋ ತಮ್ಮಾ, ಕೆಳಗ ಕುಂದ್ರೂದು ನನಗ ಗೊತ್ತೈತಿ. ಮ್ಯಾಲೆ ನಿಂತ್ರ ಕಾಲು ಎಲ್ಲಿಡಬೇಕು?"

"ಚಪ್ಪಲ್ಯಾಗ ಇಡು ಅತ್ತಿ."

"ಮಂಗ್ಯಾನಂಗ ಮಾತಾಡಬ್ಯಾಡ. ಮಂದಿ ಬರ್ತಾರಿಲ್ಲೋ?"

"ಬರಲಾರದ ಏನ್? ನೀ ಎಷ್ಟ ಮಂದಿದು ಕೇಳೀದಿ! ಅವರೆಲ್ಲಾ ಬರ್ತಾರ."

ಭಾನುವಾರ ಬಂತು. ಜನ ಬರಲಿಲ್ಲ.

ಯಾಕೆ ಬರಲಿಲ್ಲ ಎಂದರೆ, ಅದೇ ದಿನ, ಅದೇ ಹೊತ್ತಿಗೆ ಹೊಸ ಕಲ್ಯಾಣ ಮಂಟಪಕ್ಕೆ ವರ್ಷ ತುಂಬಿದ ಸಂಭ್ರಮಕ್ಕೆ ಊರಿಗೆಲ್ಲ ಪುಕ್ಕಟೆ ಊಟ! ಹೋಳಿಗೆ, ಎಣ್ಣೆಗಾಯಿ, ಮೇಲೆ ಐಸ್‌ಕ್ರೀಮು. ಹೋಳಿಗೆಯನ್ನೂ ಭಾಷಣವನ್ನೂ ಎದುರೆದುರು ಇಟ್ಟಾಗ ಒಂದು ಊರು ಯಾವುದನ್ನು ಆರಿಸುತ್ತದೆ ಎಂದು ಬಾಯಿಬಿಟ್ಟು ಹೇಳಬೇಕೇ? ಅತ್ತೆಯ ಮಾತಿಲ್ಲದಿದ್ದರೆ ನಾನೇ ಮೊದಲ ಪಂಕ್ತಿಯಲ್ಲಿರುತ್ತಿದ್ದೆ.

ಒಳಗೆ ಇದ್ದವರು ಇಷ್ಟು: ಪದೇಪದೇ ಗಡಿಯಾರ ನೋಡುವ ಇಂಜಿನಿಯರ್ ಸಾಹೇಬರು, ಬಾಗಿಲ ಬಳಿ ಕಾವಲುಗಾರ, ನಾನು. ಸಾಲುಸಾಲು ಖಾಲಿ ಕುರ್ಚಿ. ಅತ್ತೆ ವೇದಿಕೆಯ ಮೇಲೆ ನಿಂತಿದ್ದಳು, ಸೊಂಟಕ್ಕೆ ಸಿಕ್ಕಿಸಿದ ಸೆರಗಿನ ತುದಿ ಬೆರಳಲ್ಲಿ ತಿರುವುತ್ತ. ಅವಳು ಕುರ್ಚಿಗಳನ್ನು ನೋಡಿದಳು. ಆ ನೋಟ ನನಗೆ ತಡೆಯಲಾಗಲಿಲ್ಲ. ಮಾವನ ಕಣ್ಣಿಗೆ ಬಿದ್ದದ್ದು ಈಗ ಅವಳ ಕಣ್ಣಿಗೂ ಬಿದ್ದಿತ್ತು.

"ಸಭಿ..." ಅಂದಳು. ಮುಂದೆ ಹೊರಡಲಿಲ್ಲ.

ಸಾಹೇಬರು ಪೆನ್ನಿನ ಟೋಪಿ ಮುಚ್ಚಿದರು. "ಜನಾನೇ ಇಲ್ಲವಲ್ಲಮ್ಮ. ಇನ್ನು ನಾನು ಏನಂತ ಬರೀಲಿ?"

ಆಗ ನನ್ನ ಕಾಲು ನನ್ನನ್ನು ಕೇಳದೆ ಹಿಂದಿನ ಕಂಬದ ಮರೆಗೆ ಓಡಿತು. ಅಲ್ಲಿಂದ ಖಾರಾ ಅಂಗಡಿ ಸಾಹುಕಾರನ ಗಡಸು ದನಿ ಎದ್ದಿತು.

"ಅಕ್ಕಾರ! ದನಿ ಜೋರ್ ಮಾಡ್ರಿ! ಹಿಂದ ಕೇಳವಲ್ದು!"

ಸಾಹೇಬರು ಗಕ್ಕನೆ ತಿರುಗಿದರು. ಅತ್ತೆಯ ಹುಬ್ಬು ಮೇಲೇರಿತು. ಕಂಬದ ಮರೆಯ ಮಂಗ ಯಾರೆಂದು ಅವಳಿಗೆ ತಿಳಿಯದೆ ಇದ್ದೀತೇ? ಆದರೆ ನಾಲಿಗೆ ಅವಳಿಗೆ ವಾಪಸು ಸಿಕ್ಕಿತ್ತು.

"ಕೇಳವಲ್ದಂದ್ರ ಮುಂದ ಬಂದು ಕುಂದರ್ರಿ ಸಾಹುಕಾರ್ರ! ಖಾರಾ ತೂಗುವಾಗ ಮಾತ್ರ ಕೈ ಬಿಗಿ ಹಿಡಿತೀರಿ, ನನ್ನ ಮಾತು ಧಾರಾಳ ಬೇಕನ್ರಿ?"

ನಾನು ಇನ್ನೊಂದು ಕಂಬಕ್ಕೆ ಜಿಗಿದೆ. ಎಲೆ ಮಾರುವ ಮುದುಕಿಯ ನಗು ನಕ್ಕೆ. ಮತ್ತೊಂದು ಕಂಬದಿಂದ ಮಗು ಅತ್ತಿತು. ಮಗುವಿನ ತಾಯಿ, "ಸುಮ್ಮನಿರ, ಅಜ್ಜಿ ಮಾತಾಡಾಕತ್ತಾಳ!" ಎಂದು ಗದರಿಸಿದಳು. ನಿವೃತ್ತ ಪೋಸ್ಟ್ ಮಾಸ್ತರರು ಸೀನಿದರು. ಬಂಕಾಪುರದ ನವಿಲು ಕೂಡ ಬಂದುಬಿಟ್ಟಿತು, ಯಾರೂ ಕರೆಯದಿದ್ದರೂ! ಅಬ್ಬಾ, ಆ ಕಟ್ಟಡ! ನಾನು ಒಬ್ಬನ ದನಿ ಕೊಟ್ಟರೆ ಅದು ಹತ್ತು ಜನರನ್ನು ಮಾಡಿ ಹಿಂತಿರುಗಿಸಿತು. ಒಂದು ಸೀನಿಗೆ ಒಂದು ಸಾಲು, ಒಂದು ನಗುವಿಗೆ ಒಂದು ಮೂಲೆ. ಮಾಡುತ್ತಿದ್ದವನು ನಾನೇ ಆದರೂ, ತುಂಬಿದ ಸಭೆಯ ನಡುವೆ ನಿಂತಂತೆ ನನಗೇ ಭಯವಾಯಿತು.

ಮತ್ತು ಅತ್ತೆ ಮಾತಾಡಿದಳು! "ಸಭಿಕರೇ, ಯಾರಿಗಾಗಿ ಈ ಸಭಾಗೃಹವನ್ನು ಕಟ್ಟಲಾಯಿತೋ ಅವರು ಬರಲೇ ಇಲ್ಲ..." ಸಾಹೇಬರು ಗಡಿಯಾರ ನೋಡುವುದನ್ನು ಬಿಟ್ಟರು. ಗಾರೆಗೆ ಮನೆಮನೆಯ ಬೆಲ್ಲ ಬಿದ್ದ ಮಾತಿಗೆ ಬಗ್ಗಿ ನೆಲವನ್ನು ಮುಟ್ಟಿ ನೋಡಿದರು.

ಅವಳ ಕತೆಯಲ್ಲಿ ಸಂತೆಯ ಜನ ಮಳೆಗೆ ಒಳಗೆ ನುಗ್ಗುವ ಹೊತ್ತಿಗೆ ನಿಜಕ್ಕೂ ಬಾಗಿಲಲ್ಲಿ ಗದ್ದಲವಾಯಿತು. ಈ ಬಾರಿ ನಾನಲ್ಲ, ಆಣೆ! ಊಟಕ್ಕೆ ಹೋದ ಊರು ವಾಪಸು ಬಂದಿತ್ತು. ಬೆವರಲ್ಲಿ ತೊಯ್ದು, ಹೊಟ್ಟೆ ಹಿಡಿದುಕೊಂಡು.

"ಕರೆಂಟ್ ಹೋತ್ರೀ ಅಲ್ಲೆ! ಜನರೇಟರ್ ಚಾಲೂ ಆಗವಲ್ದು. ಗಾಜಿನ ಕಿಟಕಿ ತೆರಿಯೂದ ಇಲ್ಲ. ಹೋಳಿಗಿ ಜೋಡಿ ನಾವೂ ಬೆಂದ್ವಿ!"

ಹೇಳಿದವರು ಅಲ್ಲೇ ತಣ್ಣನೆಯ ನೆಲದ ಮೇಲೆ ಕೂತರು. ಹಿಂದಿನವರು ಕೂತರು. ಗವಾಕ್ಷಿಗಳಿಂದ ಗಾಳಿ ಇಳಿದು ಬಂತು. ಖಾರಾ ಅಂಗಡಿ ಸಾಹುಕಾರ, ಅಸಲಿ ಸಾಹುಕಾರ, ಟವೆಲ್ಲು ಹಾಸಿ ಉರುಳಿಕೊಂಡ. ಸಾಹೇಬರು ಅವನ ಬಳಿ ಹೋಗಿ ಬಗ್ಗಿ ಕೇಳಿದರು. "ನೋಡಿ, ಈ ಹಾಲ್ ನಿಮಗೆ ಬೇಕೋ, ಬೇಡವೋ?"

ಸಾಹುಕಾರ ಒಂದು ಕಣ್ಣು ತೆರೆದ. "ಬೇಕೋ ಬ್ಯಾಡೋ ಅಂತ ಕೇಳಾಕ ಇದೇನ ಉಪ್ಪಿನಕಾಯೇನ್ರಿ ಸಾಹೇಬ್ರ? ನಮ್ಮ ಪಡಸಾಲಿ ಇದು. ಪಡಸಾಲಿ ಯಾರರ ಕೆಡವ್ತಾರೇನು?" ಕಣ್ಣು ಮುಚ್ಚಿದ. ಗೊರಕೆ ಶುರುವಾಯಿತು.

ಅತ್ತೆ ನಿಲ್ಲಿಸಲಿಲ್ಲ. ರೇಡಿಯೋ ಬಂತು, ಗಂಜಿ ಬಂತು, ಸಿಡುಬು ಬಂತು. ಜೀವಮಾನವಿಡೀ ಯಾವ ಸಭೆಯಲ್ಲೂ ತೂಕಡಿಸದವಳ ಏಕೈಕ ಭಾಷಣಕ್ಕೆ ಇಡೀ ಊರು ಮಲಗಿ ನಿದ್ದೆ ಹೊಡೆಯಿತು! ಗೊರಕೆಗಳೂ ತೊಲೆಗೆ ತಾಗಿ ಗಂಭೀರವಾಗಿ ಮರಳುತ್ತಿದ್ದವು. ಕೊನೆಗೆ ಅವಳು "ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ" ಎಂದಾಗ ಚಪ್ಪಾಳೆ ತಟ್ಟಿದವರು ಸಾಹೇಬರೊಬ್ಬರೇ. ಆ ಕಟ್ಟಡಕ್ಕೆ ಅಷ್ಟೇ ಸಾಕಿತ್ತು. ಚಪ್ಪಾಳೆಯ ಮಳೆ ಸುರಿಯಿತು.

"ಅಂಗಡಿ ಮಳಿಗೆಯ ಮಾತು ಬಿಡಿ ಅಮ್ಮ," ಎಂದರು ಸಾಹೇಬರು. "ನಾನು ಚಾವಣಿ ದುರಸ್ತಿಗೆ ಬರೀತೀನಿ. ಮೇಲಿನವರು ಒಪ್ಪಬೇಕು, ಅದು ನನ್ನ ಕೈಲಿಲ್ಲ. ಆದರೆ ನಾನು ಬರೀತೀನಿ." ಇಷ್ಟು ಹೇಳಿ, ಆಚೀಚೆ ನೋಡಿ, ಷೂ ಬಿಚ್ಚಿ, ತಾವೂ ಒಂದು ಕಂಬಕ್ಕೆ ಒರಗಿ ಕಣ್ಣು ಮುಚ್ಚಿದರು.

ಅತ್ತೆ ಮಾತ್ರ ಕೆಳಗಿಳಿಯಲಿಲ್ಲ. ಮಲಗಿದವರನ್ನೆಲ್ಲ ದಾಟಿ ಅವಳ ನೋಟ ಮೊದಲ ಸಾಲಿಗೆ ಬಂತು. ನೆಲ ತಂಪೆಂದು ಎಲ್ಲರೂ ನೆಲಕ್ಕೇ ಉರುಳಿದ್ದರಿಂದ ಅವಳು ಸದಾ ಕೂರುವ ಆ ನಡುವಿನ ಕುರ್ಚಿ ಖಾಲಿಯಿತ್ತು. ಅವಳು ಅದನ್ನೇ ನೋಡುತ್ತ ನಿಂತಳು. ಇಂಥ ಹೊತ್ತಿಗೆ ಏನಾದರೊಂದು ಕೀಟಲೆ ಮಾಡಿ ಅವಳನ್ನು ನಗಿಸುವುದು ನನ್ನ ಕೆಲಸ. ಕಂಬದ ಮರೆಯಿಂದ ಬಾಯಿ ತೆರೆದೆ. ಯಾರ ದನಿ ತೆಗೆಯಲಿ ಎಂದು ಯೋಚಿಸಿರಲೂ ಇಲ್ಲ. ಕೂಗಿ ಕೂಗಿ ಗಂಟಲು ಕಟ್ಟಿತ್ತು, ಅದಕ್ಕೇ ಮೊದಲು ಸಣ್ಣಗೆ, ಒಮ್ಮೆ, ಅದನ್ನು ಸರಿಮಾಡಿಕೊಂಡೆ.

ಸದ್ದು ಮೇಲೆ ಹೋಯಿತು. ತೊಲೆಗಳನ್ನು ಮುಟ್ಟಿ, ಸುತ್ತು ಹಾಕಿ, ನನ್ನದಲ್ಲದ ದನಿಯಾಗಿ, ಯಾರೋ ಬಾಗಿಲು ತಟ್ಟಿ ಒಳಗೆ ಬರಲೇ ಎಂದು ಕೇಳಿದಂತೆ, ಆ ಖಾಲಿ ಕುರ್ಚಿಯ ಬಳಿ ಇಳಿಯಿತು.

ನಾನು "ಅಲ್ಲ" ಎಂಬ ಮಾತಿಗೆ ಕಾದೆ.

ಅತ್ತೆ ಸೊಂಟಕ್ಕೆ ಸಿಕ್ಕಿಸಿದ ಸೆರಗನ್ನು ಮೆಲ್ಲಗೆ ಬಿಚ್ಚಿ, ತಲೆ ತುಂಬ ಹೊದ್ದುಕೊಂಡಳು.